ತಳಕಲ್ಲಿನ ಟಿಕೀಟು

ಕರಿಬಸಾಪುರದ ಸ್ಟೇಷನ್ನು ಮುಚ್ಚಿದ್ದು ಹೆಂಗಸರಿಂದ ಎಂದು ಆ ಊರಿನ ಗಂಡಸರು ಕಟ್ಟೆಗೆ ಕೂತಾಗಲೆಲ್ಲ ಆಡಿಕೊಳ್ಳುತ್ತಿದ್ದರು. ಶಿವಬಸಮ್ಮ ಕೊಡ ಹೊತ್ತು ಹಾದುಹೋಗುವಾಗ ಆ ಮಾತು ಅವಳ ಕಿವಿಗೆ ಬೀಳುತ್ತಿತ್ತು. ಅದು ಪೂರಾ ಸುಳ್ಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪೂರಾ ಖರೆಯಲ್ಲ ಎಂಬುದೂ ಗೊತ್ತಿತ್ತು.

ಆ ಊರಿನ ಮಗ್ಗುಲಿಗೆ ರೈಲುಹಳಿ ಬಿದ್ದದ್ದು ಅವಳ ಮಾವ ಹುಡುಗನಾಗಿದ್ದ ಕಾಲಕ್ಕೆ. ಗದಗಿನಿಂದ ಬಂದ ಗಾಡಿ ತಳಕಲ್ಲಿನಲ್ಲಿ ನಿಂತು, ಕರಿಬಸಾಪುರದವರ ಎರೆಹೊಲದ ಮೇಲೆ ಹೊಗೆ ಚೆಲ್ಲಿ, ಕೊಪ್ಪಳದ ಕಡೆ ಓಡಿಬಿಡುತ್ತಿತ್ತು. ಊರವರು ಅದನ್ನು ನೋಡುತ್ತ ಮುದುಕರಾದರೇ ಹೊರತು ಹತ್ತಲಿಲ್ಲ. ಆಮೇಲೆ ಮೂವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ, ಹಳಿಗೆ ಹಾಕುವ ಜಲ್ಲಿಗಾಗಿ ರೈಲು ಕಂಪನಿಯವರು ಊರ ಗುಡ್ಡ ಒಡೆಯಲು ಬಂದರು. ಊರಿನ ಗೌಂಡಿ ದಾದೇಸಾಬ ಅವರ ಕೈಕೆಳಗೆ ಕೆಲಸಕ್ಕೆ ನಿಂತ. ಗುಡ್ಡದ ಕೆಲಸ ಮುಗಿಯುತ್ತ ಬಂದಾಗ ಅವನು ಇಂಜಿನಿಯರನ ಮುಂದೆ ಹೋಗಿ, "ಕಲ್ಲು ನಮ್ಮವು ಒಯ್ದ್ರಿ ಸಾಹೇಬ್ರ. ಗಾಡಿ ಒಂದೀಟು ನಮ್ಮೂರಾಗ ನಿಂದ್ರಲಿ" ಎಂದ. ಇಂಜಿನಿಯರು ನಕ್ಕು, ಗಾಡಿ ಹತ್ತಿ ಇಳಿಯುವ ಕಟ್ಟೆಯನ್ನು ನೀವೇ ಕಟ್ಟಿಕೊಂಡರೆ ನಿಲ್ಲಿಸೋಣ ಎಂದ. ನಗೆಗೆ ಅಂದದ್ದೋ ಏನೋ, ದಾದೇಸಾಬ ಕಟ್ಟಿಯೇ ಬಿಟ್ಟ. ಊರವರು ಬಂಡಿಯಲ್ಲಿ ಕಲ್ಲು ಹೇರಿಕೊಟ್ಟರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಅಂದಮೇಲೆ ಕಂಪನಿಯೂ ಮಾತಿಗೆ ಸಿಕ್ಕಿಕೊಂಡಿತು.

ಕಲ್ಲಿನ ಕಟ್ಟೆ, ನಾಲ್ಕು ಕಂಬದ ಮೇಲೆ ತಗಡಿನ ಮಾಡು, ಮೂರು ಲಿಪಿಯಲ್ಲಿ ಊರ ಹೆಸರು ಬರೆದ ಹಲಗೆ, ಇಷ್ಟೇ ಸ್ಟೇಷನ್ನು. ಹಂಪಣ್ಣನೆಂಬ ಒಬ್ಬ ಪೋರ್ಟರನನ್ನು ಕಂಪನಿ ಅಲ್ಲಿಗೆ ಹಾಕಿತು. ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸುವವನೂ ಅವನೇ, ಇಳಿದವರ ಟಿಕೀಟು ಇಸಕೊಳ್ಳುವವನೂ ಅವನೇ, ಕಸ ಹೊಡೆಯುವವನೂ ಅವನೇ. ಟಿಕೀಟು ಕೊಡುವ ಕಿಟಕಿ ಮಾತ್ರ ಇರಲಿಲ್ಲ. ಇಲ್ಲಿ ಹತ್ತಿದವರು ಕೊಪ್ಪಳದಲ್ಲಿ ಇಳಿದು, ಯಾವ ಊರಲ್ಲಿ ಹತ್ತಿದೆವೆಂದು ಹೇಳಿ ಅಲ್ಲಿ ದುಡ್ಡು ಕಟ್ಟಬೇಕು. ಮರಳಿ ಬರುವಾಗ ಕೊಪ್ಪಳದ ಕಿಟಕಿಯಲ್ಲಿ ಊರ ಹೆಸರು ಹೇಳಿ ಟಿಕೀಟು ಕೊಳ್ಳಬೇಕು.

ತೊಡಕು ಇದ್ದದ್ದು ಈ ಹೆಸರು ಹೇಳುವಲ್ಲೇ.

ಊರಿನ ದೇವರು ಕರಿಬಸವೇಶ್ವರ. ಆ ದೇವರ ಹೆಸರು ಇಟ್ಟುಕೊಳ್ಳದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಗಾಣದ ಕರಿಬಸಪ್ಪ, ಬಂಡಿ ಕರಿಬಸಪ್ಪ, ಮೆಳ್ಳಗಣ್ಣ ಕರಿಬಸಪ್ಪ, ಗಿಡ್ಡ ಕರಿಬಸಪ್ಪ. ಗಂಡನ ಹೆಸರು ಅದಲ್ಲದಿದ್ದರೆ ಮಾವನದು, ಮಾವನದಲ್ಲದಿದ್ದರೆ ಭಾವನದು. ಗಂಡನ ಹೆಸರನ್ನು ಹೆಂಗಸು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಆ ಹೆಸರು ಹೊತ್ತ ಊರನ್ನೂ ಹೇಳುವಂತಿಲ್ಲ. ನಿನ್ನ ಯಾವೂರಿಗೆ ಕೊಟ್ಟಾರ ಎಂದು ತವರಿನಲ್ಲಿ ಯಾರಾದರೂ ಕೇಳಿದರೆ, ಆ ಊರಿನ ಸೊಸೆಯರು "ತಳಕಲ್ಲಿನ ಈಚೀಗೆ, ಗುಡ್ಡದ ಮಗ್ಗಲ" ಎಂದು ಕೈ ಮಾಡಿ ತೋರಿಸುತ್ತಿದ್ದರು.

ಆ ಗಾಡಿಯನ್ನು ಹೆಚ್ಚು ಹತ್ತುತ್ತಿದ್ದವರು ಅದೇ ಸೊಸೆಯರು. ಗಂಡಸರಿಗೆ ಬಂಡಿ ಇತ್ತು, ಹೊತ್ತು ಇತ್ತು. ಹೆಂಗಸರಿಗೆ ಮೊಸರು, ಬೆಣ್ಣೆ, ಕಾಯಿಪಲ್ಲೆ ಬಿಸಿಲೇರುವ ಮುಂಚೆ ಕೊಪ್ಪಳದ ಬಜಾರಕ್ಕೆ ಮುಟ್ಟಬೇಕಿತ್ತು.

ಈ ಎಲ್ಲರಿಗೂ ಬಾಯಿಯಾಗಿದ್ದವಳು ದಾದೇಸಾಬನ ಹೆಂಡತಿ ಮೆಹಬೂಬಬೀ. ಊರವರ ಬಾಯಲ್ಲಿ ಅವಳು ಮಾಬವ್ವ. ಕೋಳಿತತ್ತಿಯ ಬುಟ್ಟಿ ಹೊತ್ತು ಇವರ ಜತೆಗೇ ದಿನಾಲು ಹೊರಡುತ್ತಿದ್ದಳು. ಅವಳೂ ಗಂಡನ ಹೆಸರು ಹೇಳುವವಳಲ್ಲ. ಆದರೆ ಅವಳ ಗಂಡ ದಾದೇಸಾಬ. ಕರಿಬಸಾಪುರ ಅನ್ನಲಿಕ್ಕೆ ಅವಳಿಗೇನು ಅಡ್ಡಿ?

ಕೊಪ್ಪಳದ ಕಿಟಕಿಯ ಮುಂದೆ ಎಲ್ಲರ ದುಡ್ಡೂ ಅವಳ ಸೆರಗಿಗೆ ಬೀಳುತ್ತಿತ್ತು. "ಕರಿಬಸಾಪುರಕ್ಕ ಹದಿನಾಕು ಕೊಡ್ರಿ" ಎಂದು ಗಂಟಲೆತ್ತಿ ಹೇಳಿ, ಇವರ ಕಡೆ ತಿರುಗಿ ನಗುತ್ತಿದ್ದಳು.

"ನಿಮ್ಮ ಗಂಡಂದ್ರನ್ನ ದಿನಾ ನಾನಽ ಕರೀಬೇಕಲ್ರೆವ್ವಾ. ಒಂದಿನ ಎಲ್ಲಾರೂ ಓ ಅಂತ ನನ್ನ ಮನಿಗೇ ಬಂದ್ರ ಏನ ಮಾಡ್ಲಿ?"

"ನನ್ನ ಗಂಡನ್ನ ಇಟಗೊಂಡು ಬಿಡು ಮಾಬವ್ವ" ಎನ್ನುತ್ತಿದ್ದಳು ಬೆಣ್ಣೆ ಮಾರುವ ಕಳಕಮ್ಮ. "ಬದಲಿಗೆ ಎರಡು ತತ್ತಿ ಕೊಡು. ಅದರಾಗೂ ನಿನಗ ಲುಕ್ಸಾನ ಐತಿ ಮತ್ತ, ನೋಡಕೋ."

ಗಾಡಿ ಬರುವ ತನಕ ಇದೇ ನಗೆ. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು.

ಶಿವಬಸಮ್ಮ ಗಾಣದ ಕರಿಬಸಪ್ಪನ ಹೆಂಡತಿ. ಇದೇ ಗಾಡಿಯಲ್ಲಿ ಗಿರಣಿ ಎಣ್ಣೆಯ ಡಬ್ಬಿಗಳು ಬಂದು ಊರಿಗೆ ಇಳಿದ ಮೇಲೆ ಅವಳ ಮನೆಯ ಗಾಣ ನಿಂತಿತು. ಗಾಣ ನಿಂತಮೇಲೆ ಕರಿಬಸಪ್ಪನೂ ನಿಂತ. ಕಟ್ಟೆಗೆ ಕೂತು ಕಂಪನಿಯನ್ನು ಬೈಯುವುದು ಬಿಟ್ಟರೆ ಬೇರೆ ಕೆಲಸಕ್ಕೆ ಅವನ ಮೈ ಬಗ್ಗಲಿಲ್ಲ. ಮನೆಯಲ್ಲಿ ಎರಡು ಎಮ್ಮೆ, ಒಬ್ಬ ಮಗಳು, ಹಾಸಿಗೆ ಹಿಡಿದ ಅತ್ತೆ. ಎಲ್ಲರ ಹೊಟ್ಟೆಯೂ ಶಿವಬಸಮ್ಮನ ತಲೆಯ ಮೇಲಿನ ಮೊಸರಿನ ಗಡಿಗೆಯಲ್ಲಿತ್ತು. ಗಾಡಿ ಇದ್ದರೆ ಆ ಮೊಸರು ಕೊಪ್ಪಳದಲ್ಲಿ ಗಟ್ಟಿಯಾಗಿ ಇಳಿಯುತ್ತಿತ್ತು. ನಡೆದು ಹೋದರೆ ಬಿಸಿಲಿಗೆ ಹುಳಿಯೊಡೆದು ಯಾರಿಗೂ ಬೇಡವಾಗುತ್ತಿತ್ತು. ಅಷ್ಟೇ ಅವಳ ಲೆಕ್ಕ.

ನಲವತ್ತೇಳು ಬಂತು. ನಿಜಾಮನ ಸೀಮೆಯಲ್ಲಿ ರಜಾಕಾರರ ಗದ್ದಲದ ಕಾಲ. ಆ ಊರು ಸುಟ್ಟರು, ಈ ಊರಿಗೆ ಬಂದರು ಎಂದು ದಿನಕ್ಕೊಂದು ಸುದ್ದಿ. ಅಂಥದರಲ್ಲಿ ದಾದೇಸಾಬನ ಮನೆಯಲ್ಲಿ ಯಾರೋ ಗಡ್ಡದವನು ಎರಡು ದಿನ ಇದ್ದು ಹೋದ ಎಂದು ಊರಲ್ಲಿ ಗುಸುಗುಸು ಎದ್ದಿತು. ಬಂದವನು ಗಂಗಾವತಿಯಲ್ಲಿದ್ದ ಮಾಬವ್ವನ ಅಣ್ಣ ರಾಜಾಸಾಬ. ಮಗಳ ಮದುವೆಗೆ ಕರೆಯಲು ಬಂದಿದ್ದ. ಶಿವಬಸಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಣ್ಣನ ಊಟಕ್ಕೆಂದು ಮಾಬವ್ವ ಮೊಸರು ಒಯ್ದದ್ದು ಅವಳ ಮನೆಯಿಂದಲೇ.

ಮರುವಾರ ಕೊಪ್ಪಳದಿಂದ ಹೊರಡುವ ಹೊತ್ತಿಗೆ ಮಾಬವ್ವ ಎಂದಿನಂತೆ ದುಡ್ಡಿಗೆ ಸೆರಗು ಒಡ್ಡಿದಳು. ಒಬ್ಬಿಬ್ಬರು ಹಾಕಿದರು. ಕಳಕಮ್ಮ ತನ್ನ ದುಡ್ಡನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

"ನಮ್ಮೂರ ಹೆಸರು ಇನ್ನ ಮ್ಯಾಲ ನಿನ್ನ ಬಾಯಾಗ ಬ್ಯಾಡ ಬಿಡು" ಎಂದಳು. "ದೇವರ ಹೆಸರದು."

ಮಾಬವ್ವ ಇದೂ ಚೇಷ್ಟೆಯೇ ಎಂದು ಮೊದಲು ನಕ್ಕಳು. ಯಾರೂ ನಗದಿದ್ದಾಗ ಶಿವಬಸಮ್ಮನ ಮುಖ ನೋಡಿದಳು. ಶಿವಬಸಮ್ಮನಿಗೆ ಒಂದು ಮಾತು ಬಾಯಿಗೆ ಬಂತು. ಅಂದುಬಿಟ್ಟಿದ್ದರೆ ಆಗುತ್ತಿತ್ತು: ಬಂದವ ಆಕಿ ಅಣ್ಣ, ನಾನಽ ಮೊಸರು ಕೊಟ್ಟೀನಿ. ಆದರೆ ಅಂದರೆ ನಾಳೆ ತನ್ನ ಮನೆಯ ಮೇಲೂ ಮಾತು ಬರುತ್ತದೆ ಎನಿಸಿತು. ಅವಳು ಗಡಿಗೆ ಎತ್ತಿಕೊಂಡು ಹೋಗಿ ಕಳಕಮ್ಮನ ಮಗ್ಗುಲಿಗೆ ಕೂತಳು.

ಮಾಬವ್ವ ಸೆರಗಿನಲ್ಲಿದ್ದ ದುಡ್ಡನ್ನು ಅವರವರ ಕೈಗೆ ಮರಳಿ ಕೊಟ್ಟಳು. ಕಿಟಕಿಗೆ ಹೋಗಿ, "ಕರಿಬಸಾಪುರಕ್ಕ ಒಂದು" ಎಂದಳು.

ಈಗ ಉಳಿದವರ ಪಾಡು ಕಠಿಣವಾಯಿತು. ಕಿಟಕಿಯ ಒಳಗೆ ಕೂತ ಬಾಬು ಹೊಸಬ, ತೆಲುಗಿನವ, ಕನ್ನಡ ಅರೆಬರೆ. ಕಳಕಮ್ಮ ಧೈರ್ಯ ಮಾಡಿ, "ತಳಕಲ್ಲಿನ ಈಚೀದು ಕೊಡ್ರಿ" ಎಂದಳು. ಅವನು ಏನು ತಿಳಿದುಕೊಂಡನೋ, ಇನ್ನೂ ಈಚೆಯ ಬೇರೊಂದು ಸ್ಟೇಷನ್ನಿನ ಟಿಕೀಟು ಹರಿದುಕೊಟ್ಟ. ದಾರಿಯಲ್ಲಿ ಟಿಕೀಟು ನೋಡುವವನು ಬಂದು, ಇಳಿಯಬೇಕಾದಲ್ಲಿ ಇಳಿಯದೆ ಮುಂದೆ ಬಂದಿದ್ದಾಳೆಂದು ಅವಳನ್ನು ಮಂದಿಯ ನಡುವೆ ನಿಲ್ಲಿಸಿ ಬೈದ. ಬೆಣ್ಣೆಯ ಗಡಿಗೆಯನ್ನೂ ಕಸಿದುಕೊಂಡ.

"ತಳಕಲ್ಲಂತಽ ಹೇಳೂನು" ಎಂದಳು ಕಳಕಮ್ಮ ಮರುದಿನ. "ಮುಂದಿನ ಊರಿಂದು ತಗೊಂಡು ಹಿಂದಿನ ಊರಾಗ ಇಳದ್ರ ಯಾವನೂ ಕೇಳಂಗಿಲ್ಲ. ಒಂದು ದುಡ್ಡು ಹೆಚ್ಚು ಹೋದ್ರ ಹೋಗ್ಲಿ. ಗಂಡ ಬದುಕ್ಲಿ."

ಹಾಗೇ ಆಯಿತು. ಬರುವಾಗ ತಳಕಲ್ಲಿಗೆ ಟಿಕೀಟು ಕೊಳ್ಳುವುದು, ತಮ್ಮೂರಲ್ಲಿ ಇಳಿಯುವುದು. ಹೋದಾಗ ತಳಕಲ್ಲಿನಲ್ಲಿ ಹತ್ತಿದೆವೆಂದು ಹೇಳಿ ದುಡ್ಡು ಕಟ್ಟುವುದು. ಕಂಪನಿಗೆ ಮೋಸವೇನೂ ಇಲ್ಲ, ಹೆಚ್ಚೇ ಸಂದಾಯವಾಗುತ್ತಿತ್ತು. ಟಿಕೀಟು ಇಸಕೊಳ್ಳುವಾಗ ಹಂಪಣ್ಣ ಮಾತ್ರ ದಿನಾಲು ಗೊಣಗುತ್ತಿದ್ದ.

"ಏನ್ರೆವ್ವಾ, ಇದೇನು ತಳಕಲ್ಲೇನು?"

"ನಿನಗ ಟಿಕೀಟು ಬೇಕೋ, ಊರು ಬೇಕೋ?" ಎಂದು ಕಳಕಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಮುಂದಿನ ವರ್ಷ ನಿಜಾಮನ ರಾಜ್ಯ ಹೋಯಿತು. ಪೊಲೀಸ್ ಕಾರ್ಯಾಚರಣೆಯಾದ ವಾರ ಊರಿನದೇ ಹುಡುಗರು ದಾದೇಸಾಬನ ಮನೆಯ ಬಾಗಿಲು ಮುರಿದು, ಕೋಳಿಗಳನ್ನು ಹೊತ್ತುಕೊಂಡು ಹೋದರು. ಅವನು ಆ ಬಾಗಿಲನ್ನು ಮತ್ತೆ ಕೂಡಿಸಲಿಲ್ಲ. ಊರಿನ ಅರ್ಧ ಮನೆಗಳ ಬಾಗಿಲು ನಿಲ್ಲಿಸಿದ ಗೌಂಡಿ ತನ್ನ ಮನೆಗೆ ಗೋಣಿತಟ್ಟು ಕಟ್ಟಿಕೊಂಡ. ಮಾಬವ್ವ ಎಲ್ಲಿಂದಲೋ ನಾಲ್ಕು ಕೋಳಿ ತಂದು ಮತ್ತೆ ತತ್ತಿ ಮಾರತೊಡಗಿದಳು. ಗಾಡಿಯಲ್ಲಿ ಒಂದು ಮೂಲೆಗೆ ಕೂತು, ಮಾತಾಡದೆ ಹೋಗುತ್ತಿದ್ದಳು, ಬರುತ್ತಿದ್ದಳು.

ನಲವತ್ತೊಂಬತ್ತರ ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದಿನ ಹಂಪಣ್ಣ ಶಿವಬಸಮ್ಮನನ್ನು ತಡೆದು ನಿಲ್ಲಿಸಿದ.

"ಶಿವಬಸವ್ವ, ತಿಂಗಳ ಕಡೀಗೆ ದೊಡ್ಡ ಸಾಹೇಬ್ರು ಬರ್ತಾರ. ಈ ಟೇಶನ್ನಿಗೆ ಮಂದೀನಽ ಬರಂಗಿಲ್ಲಂತ. ಬಂದ್ ಮಾಡ್ತಾರಂತ."

"ಮಂದಿ ಬರಂಗಿಲ್ಲ? ದಿನಾ ಇಳಿಯೋರು ನಾವೇನು ದೆವ್ವಗಳೇನು?"

"ಇಳೀತೀರಿ, ನಾ ನೋಡೇನಿ. ಕೊಪ್ಪಳದ ಲೆಕ್ಕದಾಗ ನೋಡಿದ್ರ ನೀವೆಲ್ಲ ತಳಕಲ್ಲಿನವರು. ನಾ ಹೇಳಿದ್ರ ನನ್ನ ಮಾತು ಯಾರ ಕೇಳ್ತಾರ? ಇನ್ನೂ ನಾಕು ದಿನ ಹೊತ್ತೈತಿ. ಸಾಹೇಬ್ರು ಬರೂದ್ರಾಗ ನಮ್ಮೂರ ಹೆಸರಿಲೇ ಟಿಕೀಟು ತಗೀರಿ. ಇಲ್ಲಾಂದ್ರ ನಾ ಬ್ಯಾರೆ ಕಡೆ ಹೋಕ್ಕೀನಿ, ನೀವು ನಡಕೊಂತ ಹೋಗ್ರಿ."

ಆ ಸಂಜೆ ಹೆಂಗಸರು ಬಾವಿಯ ಹತ್ತಿರ ಕೂಡಿದರು. ಹೆಸರು ಹೇಳುವವರು ಯಾರು? ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಗಂಡಸರನ್ನು ಕೇಳಿದರೆ, ಒಂದು ಚೀಟಿಗಾಗಿ ದಿನಾ ನಿಮ್ಮ ಬೆನ್ನು ಹತ್ತಿ ಕೊಪ್ಪಳಕ್ಕೆ ಬರಬೇಕೇನು ಎಂದು ನಕ್ಕಿದ್ದರು. ಉಳಿದದ್ದು ಒಂದೇ ಬಾಯಿ. ಕಳಕಮ್ಮ ಬಾವಿಯೊಳಗೆ ನೋಡುತ್ತ, "ನೀ ಹೋಗು ಶಿವಬಸವ್ವ. ನಿನ್ನ ಮಾತು ಕೇಳ್ತಾಳ" ಎಂದಳು.

ಮಾಬವ್ವ ಗೋಣಿತಟ್ಟು ಸರಿಸಿ ಹೊರಗೆ ಬಂದಳು. ಒಳಗೆ ಬಾ ಅನ್ನಲಿಲ್ಲ. ನಿಂತಲ್ಲೇ ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರ ಈಗ ನನ್ನ ಬಾಯಿ ಬೇಕಾಗೈತಿ."

"ಊರ ಸಲುವಾಗಿ, ಮಾಬವ್ವ."

"ಯಾವೂರ ಸಲುವಾಗಿ?"

ಶಿವಬಸಮ್ಮ ಬಾಯಿ ತೆರೆದಳು, ಮುಚ್ಚಿದಳು.

"ನೋಡಿದೇನು?" ಎಂದಳು ಮಾಬವ್ವ. "ಕೇಳಾಕ ಬಂದೀದಿ. ಏನ ಕೇಳಾಕ ಬಂದೀ ಅನ್ನೂದ ನಿನಗ ಹೇಳಾಕ ಬರವಲ್ದು."

"ಬೈ ನನಗ, ಬೇಕಾದ್ದು ಅನ್ನು. ಆದ್ರ ನಂದು ನಿನಗ ಗೊತ್ತೈತಿ. ಗಾಡಿ ನಿಂತ್ರ ನನ್ನ ಮನ್ಯಾಗ ಒಲಿ ಹತ್ತಂಗಿಲ್ಲ."

"ಕಳಕವ್ವ ಅಂದಾಗ ನನಗ ಸಿಟ್ಟು ಬರಲಿಲ್ಲ. ಆಕಿ ಅನ್ನೂವಾಕಿನಽ. ನಮ್ಮಣ್ಣ ಉಂಡ ಮೊಸರು ನಿನ್ನ ಮನೀದು. ನೀ ಗಡಿಗಿ ಎತಗೊಂಡು ಹೋಗಿ ಆಕಿ ಮಗ್ಗಲ ಕುಂತಿ."

ಶಿವಬಸಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಟಿಕೀಟು ನಾ ತಗೊಂತೀನಿ" ಎಂದು ಮಾಬವ್ವ ಗೋಣಿತಟ್ಟು ಎತ್ತಿದಳು. "ನಿಮ್ಮದು ನೀವು ತಗೋರಿ. ಒಂದು ಹೆಸರೈತಿ, ಅಷ್ಟಽ. ಹೇಳಿದ್ರ ಬಾಯೇನು ಸುಡಂಗಿಲ್ಲ."

ಮರುದಿನ ಕೊಪ್ಪಳದ ಕಿಟಕಿಗೆ ಶಿವಬಸಮ್ಮನೇ ಮೊದಲು ಹೋದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಆ ಹೆಸರನ್ನು ಅಂದುಕೊಂಡೇ ಬಂದಿದ್ದಳು. ಬಾಬು "ಎಕ್ಕಡಿಕಿ? ಎಲ್ಲಿಗೆ?" ಎಂದ. ಹೆಸರು ನಾಲಗೆಯ ತುದಿಗೆ ಬಂತು. ಅದರ ಜತೆಗೇ ಕಟ್ಟೆಗೆ ಕೂತ ಗಂಡ ಕಣ್ಣ ಮುಂದೆ ಬಂದ. ದುಡಿಯದಿದ್ದರೂ ಗಂಡ, ಅವನಿದ್ದಾನೆಂದೇ ಹಣೆಗೆ ಕುಂಕುಮ. ಹಿಂದೆ ನಿಂತವರು ನೂಕತೊಡಗಿದರು. ಬಾಬು ಹಲಗೆ ಬಡಿದ. "ತಳಕಲ್ಲು" ಎಂದುಬಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು.

ಸಾಹೇಬ ಬಂದ. ಧಾರವಾಡದ ಕಡೆಯವನು, ಮಾತು ಮೃದು. ತಗಡಿನ ಮಾಡಿನ ಕೆಳಗೆ ಕುರ್ಚಿ ಹಾಕಿದ್ದರು. ಮುಂದೆ ಗಂಡಸರು ಕೂತರು. ಹೆಂಗಸರು ಕಂಬಗಳ ಆಚೆ ನಿಂತರು. ಮಾಬವ್ವ ಬಂದಿರಲಿಲ್ಲ.

"ಮೂರು ತಿಂಗಳಿಂದು ತಗದು ನೋಡೇನಿ" ಎಂದ ಸಾಹೇಬ. "ಈ ಊರಿಗೆ ದಿನಕ್ಕ ಒಂದಽ ಟಿಕೀಟು. ಒಬ್ಬರು ಹೋಗ್ತಾರ, ಒಬ್ಬರು ಬರ್ತಾರ. ಹಿಂದ ಹಂಗಿರಲಿಲ್ಲ, ಬೇಕಾದಷ್ಟು ಮಂದಿ ಇದ್ರು. ಈಗ ಇಡೀ ಊರಾಗ ಒಬ್ಬರಽ ಉಳದಂಗ ಐತಿ. ಯಾರ್ರೀ ಅವರು?"

ಹಂಪಣ್ಣ ಕೈಯಲ್ಲಿದ್ದ ಬಾವುಟವನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅದು ಯಾರ ಟಿಕೀಟೆಂದು ಕಂಬದ ಆಚೆ ಈಚೆ ಎಲ್ಲರಿಗೂ ಗೊತ್ತಿತ್ತು. ಕರಿಬಸಾಪುರದವಳು ಎಂದು ಕಂಪನಿಯ ಲೆಕ್ಕದಲ್ಲಿ ಉಳಿದದ್ದು ಅವಳೊಬ್ಬಳೇ.

ಕೊನೆಗೆ ಗಾಣದ ಕರಿಬಸಪ್ಪ ರುಮಾಲು ಸರಿಮಾಡಿಕೊಂಡು ಎದ್ದ. "ಹಂಗೇನಿಲ್ರಿ ಸಾಹೇಬ್ರ. ಮಂದಿ ಭಾಳ ಅದಾರ. ನಮ್ಮ ಹೆಣಮಕ್ಕಳು ಗಂಡನ ಹೆಸರು ಹೇಳೂವರಲ್ಲ. ಊರ ಹೆಸರಿನ್ಯಾಗ ನಮ್ಮ ಹೆಸರೈತಿ. ಅದಕ್ಕ ತಳಕಲ್ಲಂತ ಹೇಳ್ತಾರ."

ಹೇಳುವಾಗ ಅವನ ದನಿಯಲ್ಲಿ ಸಂಕೋಚವಿರಲಿಲ್ಲ. ಬೆಳೆ ಚೆನ್ನಾಗಿ ಬಂದಿದೆ ಎಂದು ಹೇಳುವವನ ದನಿ ಅದು.

ಸಾಹೇಬ ನಕ್ಕ. "ನಮ್ಮನ್ಯಾಗೂ ಹಂಗಽರಿ. ನಮ್ಮಾಕಿ ಲಗ್ನದಾಗ ಒಡಪು ಹಚ್ಚಿ ನನ್ನ ಹೆಸರು ಹೇಳಿದ್ದು, ಅದಽ ಮೊದಲು, ಅದಽ ಕಡಿ."

ಗಂಡಸರೆಲ್ಲ ನಕ್ಕರು. ಸಾಹೇಬನೂ ತಮ್ಮಂಥವನೇ ಎಂದು ಸಮಾಧಾನವಾಗಿ ನಕ್ಕರು. ಬಂಡಿ ಕರಿಬಸಪ್ಪ ಮೀಸೆ ತೀಡಿಕೊಂಡ. ನಗೆ ಇಳಿದ ಮೇಲೆ ಸಾಹೇಬ, "ಆದ್ರ ಇದನ್ನ ನಾ ಮ್ಯಾಲಿನವರಿಗೆ ಏನಂತ ಹೇಳ್ಲಿ?" ಎಂದ. "ಅವರು ಟಿಕೀಟು ನೋಡ್ತಾರ, ಹೆಣಮಕ್ಕಳ ಮರ್ಯಾದಿ ನೋಡಂಗಿಲ್ಲ. ಒಬ್ಬರ ಸಲುವಾಗಿ ಗಾಡಿ ನಿಲ್ಲಿಸಿದ್ರ ಕಲ್ಲಿದ್ದಲಿನ ಖರ್ಚೂ ಹುಟ್ಟಂಗಿಲ್ಲ."

ಗಂಡಸರು ಹೌದೆಂದು ತಲೆಯಾಡಿಸಿದರು. ಶಿವಬಸಮ್ಮ ಕಂಬದ ಆಚೆಯಿಂದ ನೋಡುತ್ತಿದ್ದಳು. ಅವರ ಮುಖದಲ್ಲಿ ಸ್ಟೇಷನ್ನು ಹೋಗುವ ದುಃಖ ಅಷ್ಟೊಂದು ಕಾಣಲಿಲ್ಲ. ಹೆಂಡಂದಿರು ತಮ್ಮ ಹೆಸರು ಹೇಳದ್ದಕ್ಕೆ ಒಂದು ಸ್ಟೇಷನ್ನೇ ಮುಚ್ಚಿತು ಎಂದರೆ ಅದೂ ಒಂದು ಹೆಚ್ಚುಗಾರಿಕೆಯೇ. ಅವಳ ಗಂಡ ಇನ್ನೂ ನಗುತ್ತಿದ್ದ.

"ಕರಿಬಸಾಪುರ" ಎಂದಳು ಶಿವಬಸಮ್ಮ.

ಕೂಗಿ ಹೇಳಲಿಲ್ಲ. ಆದರೆ ತಗಡಿನ ಕೆಳಗೆ ಎಲ್ಲರಿಗೂ ಕೇಳಿಸಿತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದಳು. "ನಾನು ಕರಿಬಸಾಪುರದಾಕಿರಿ. ಇವರೆಲ್ಲಾರೂ ಕರಿಬಸಾಪುರದವರಽ. ದಿನಾ ಇಲ್ಲೇ ಹತ್ತತೀವಿ, ಇಲ್ಲೇ ಇಳೀತೀವಿ. ನಾಳಿಂದ ನಾನಽ ಎಲ್ಲಾರದೂ ಕೇಳಿ ತಗೊಂತೀನಿ. ಒಂದು ತಿಂಗಳು ಬಿಟ್ಟು ನೋಡ್ರಿ."

ಕಳಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕರಿಬಸಪ್ಪನ ನಗೆ ಮುಖದ ಮೇಲೇ ಒಣಗಿತು. ಸಾಹೇಬ ಅವಳನ್ನು ಒಂದು ಗಳಿಗೆ ನೋಡಿದ. ಕೆಟ್ಟವನಲ್ಲ ಅವನು.

"ಇದನ್ನ ಕೊಪ್ಪಳದ ಕಿಟಕ್ಯಾಗ ಹೇಳಬೇಕಿತ್ತವ್ವ" ಎಂದ. "ನಾ ಬಂದದ್ದು ಕೇಳಾಕಲ್ಲ. ಮ್ಯಾಲಿನವರು ಆಗಲೇ ಗೊತ್ತು ಮಾಡ್ಯಾರ. ನಾ ಹೇಳಿ ಹೋಗಾಕ ಬಂದೀನಿ."

ಯುಗಾದಿಯ ಮುಂಚೆಯೇ ಗಾಡಿ ನಿಲ್ಲುವುದು ನಿಂತಿತು. ಹಂಪಣ್ಣನನ್ನು ಬೇರೆ ಕಡೆ ಹಾಕಿದರು. ತಗಡು ಬಿಚ್ಚಿಕೊಂಡು ಹೋದರು, ಹೆಸರಿನ ಹಲಗೆಯನ್ನೂ ಕಿತ್ತುಕೊಂಡು ಹೋದರು. ದಾದೇಸಾಬನ ಕಲ್ಲಿನ ಕಟ್ಟೆ ಕೀಳಲು ಬರಲಿಲ್ಲವಾಗಿ ಉಳಿಯಿತು. ಆಡು ಮೇಯಿಸುವವರು ಅದರ ಮೇಲೆ ಬುತ್ತಿ ಬಿಚ್ಚುತ್ತಿದ್ದರು.

ಕರಿಬಸಪ್ಪ ಆ ದಿನದಿಂದ ಹೆಂಡತಿಯ ಜತೆ ನೇರ ಮಾತು ಬಿಟ್ಟ. "ನಿಮ್ಮವ್ವಗ ಹೇಳು, ರೊಟ್ಟಿ ಸಾಕಂತ" ಎಂದು ಮಗಳ ಮುಖಾಂತರ ಹೇಳುತ್ತಿದ್ದ. ರೊಟ್ಟಿ ಮಾತ್ರ ಅವಳು ದುಡಿದದ್ದೇ ತಿನ್ನುತ್ತಿದ್ದ. ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಮಂದಿಯ ನಡುವೆ ಹೆಸರು ತಗೊಂಡಳು, ಮತ್ತೇನಾದೀತು ಎಂದು ಊರೆಲ್ಲ ಅಂದಿತು. ಜ್ವರ ವಾರದಲ್ಲಿ ಬಿಟ್ಟಿತು. ಆ ಮಾತು ಬಿಡಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಕೊಪ್ಪಳ ಬಿಟ್ಟರು. ಗೌಡರ ಅಂಗಡಿಯವನು ಮನೆಬಾಗಿಲಿಗೇ ಬಂದು, ಕೇಳಿದ ದರಕ್ಕೆ ಬೆಣ್ಣೆ ಮೊಸರು ಅಳೆಸಿಕೊಂಡು ಹೋಗತೊಡಗಿದ. ಕೇಳುತ್ತಿದ್ದವನು ಅವನೇ. ಕಳಕಮ್ಮನೂ ಅವನಿಗೇ ಹಾಕಿದಳು. ಅದರಲ್ಲಿ ನಾಲ್ಕು ಹೊಟ್ಟೆ ತುಂಬದ ಶಿವಬಸಮ್ಮ ಬೆಳಗಿನ ಜಾವ ಗಡಿಗೆ ಹೊತ್ತು ತಳಕಲ್ಲಿಗೆ ನಡೆಯುತ್ತಿದ್ದಳು. ಒಂದು ಹರದಾರಿ, ಮೂರು ಮೈಲಿಯ ದಾರಿ, ಅದೂ ಕೊಪ್ಪಳಕ್ಕೆ ಬೆನ್ನು ಮಾಡಿ. ಅಲ್ಲಿ ಗಾಡಿ ಹತ್ತಿದರೆ ಅದು ನಡೆದು ಬಂದ ದಾರಿಯನ್ನೇ ಹಿಂದಕ್ಕೆ ಓಡಿ, ಅವಳ ಊರಿನ ಮುಂದೆ ನಿಲ್ಲದೆ ಹೋಗುತ್ತಿತ್ತು. ದಿನ ಬಿಟ್ಟು ದಿನ ಮೊಸರು ಹುಳಿಯಾಗಿರುತ್ತಿತ್ತು.

ಆ ದಾರಿಯಲ್ಲಿ ಅವಳ ಮುಂದೆ ಇನ್ನೊಬ್ಬಳು ನಡೆಯುತ್ತಿದ್ದಳು, ತಲೆಯ ಮೇಲೆ ತತ್ತಿಯ ಬುಟ್ಟಿ. ಶಿವಬಸಮ್ಮ ಬಿರುಸಾಗಿ ನಡೆದರೆ ಅವಳೂ ಬಿರುಸಾಗುತ್ತಿದ್ದಳು. ಒಂದು ದಿನ ಮಾತ್ರ ಹಳ್ಳ ದಾಟುವಲ್ಲಿ ಹತ್ತಿರಾದರು.

"ಹೇಳಿದಿ ಅಂತ ಕೇಳಿದ್ನಿ" ಎಂದಳು ಮಾಬವ್ವ, ತಿರುಗದೆ.

"ಹೇಳಿದೆ."

"ಗಂಡ ಸತ್ತನೇನು?"

"ಇಲ್ಲ."

ಮಾಬವ್ವ ಹಳ್ಳ ದಾಟಿ ಮುಂದೆ ಹೋದಳು.

ಸಂಜೆ ಕೊಪ್ಪಳದ ಕಿಟಕಿಯಲ್ಲಿ ಶಿವಬಸಮ್ಮ "ತಳಕಲ್ಲಿಗೆ ಒಂದು" ಎಂದಳು. ಈಗ ಅದು ಖರೆ ಮಾತು. ಟಿಕೀಟು ಇಸಕೊಂಡು ಸರಿದು ನಿಂತಾಗ, ಹಿಂದೆ ಇದ್ದ ಮಾಬವ್ವ ಕಿಟಕಿಗೆ ಬಂದಳು.

"ಕರಿಬಸಾಪುರಕ್ಕ ಒಂದು ಕೊಡ್ರಿ."

ಬಾಬು ತಲೆಯೆತ್ತಿದ. ಇಷ್ಟು ದಿನದಲ್ಲಿ ಅವನ ಕನ್ನಡವೂ ಸುಧಾರಿಸಿತ್ತು. "ಎಷ್ಟು ಸಲ ಹೇಳಬೇಕಮ್ಮಾ? ಆ ಹೆಸರಿನ ಸ್ಟೇಷನ್ ಇಲ್ಲ."

"ಗೊತ್ತೈತ್ರಿ" ಎಂದಳು ಮಾಬವ್ವ. "ತಳಕಲ್ಲಿಂದಽ ಕೊಡ್ರಿ."

ಟಿಕೀಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಶಿವಬಸಮ್ಮ ನಿಂತಲ್ಲಿಗೆ ಬಾರದೆ, ಪ್ಲಾಟ್‌ಫಾರಮ್ಮಿನ ಆ ತುದಿಗೆ ಹೋಗಿ ಕೂತಳು.